ಹಳೇ ಪಿನ್‌ಬಾಲ್ ಯಂತ್ರ ಕೈಗೆ ಬಂದರೆ: ಮೊದಲು ಕರೆಂಟು ಕೊಡಬೇಡಿ

ಗಾಜಿನಡಿಯ ಇಳಿಜಾರು ಹಲಗೆಯ ಮೇಲೆ ಉಕ್ಕಿನ ಚೆಂಡು ಹೊಡೆದು ಅಂಕ ಗಳಿಸುವ ಆಟದ ಯಂತ್ರವೇ ಪಿನ್‌ಬಾಲ್. ಹತ್ತಿಪ್ಪತ್ತು ವರ್ಷ ಗೋದಾಮಿನಲ್ಲಿ ಧೂಳು ತಿಂದ ಪಿನ್‌ಬಾಲ್ ಯಂತ್ರ ಮನೆಗೆ ಬಂತು ಅಂದರೆ ಎಲ್ಲರ ಕೈಯೂ ಮೊದಲು ಹೋಗುವುದು ಪ್ಲಗ್‌ಗೆ. ಆಗುವ ದೊಡ್ಡ ನಷ್ಟವೂ ಅಲ್ಲೇ. ಷಿಕಾಗೋದಲ್ಲಿ ತಯಾರಾದ ಗಾಟ್ಲೀಬ್, ಬ್ಯಾಲಿ, ವಿಲಿಯಮ್ಸ್ ಯಂತ್ರಗಳಲ್ಲಿ ಹೆಚ್ಚಿನವು ಅಮೆರಿಕದ 115 ವೋಲ್ಟ್, 60 ಹರ್ಟ್ಸ್ ಕರೆಂಟಿಗೆಂದು ಮಾಡಿದವು. ನಮ್ಮ ಗೋಡೆಯಲ್ಲಿರುವುದು 230 ವೋಲ್ಟ್, 50 ಹರ್ಟ್ಸ್. ಅಲ್ಲಿಯವರೆಗೆ ಬರೀ ಕೊಳೆ ಹಿಡಿದು ನಿಂತಿದ್ದ ಯಂತ್ರ, ಪ್ಲಗ್ ಹಾಕಿದ ಅರೆಗಳಿಗೆಯಲ್ಲಿ ನಿಜವಾಗಿಯೂ ಸುಟ್ಟುಹೋಗಬಹುದು.

ನಿಂತುಹೋದ ಯಂತ್ರದಲ್ಲಿ ಸುಟ್ಟ ಭಾಗಗಳು ಸಿಗುವುದು ಕಡಿಮೆ. ಸಿಗುವುದು ಕಪ್ಪಾದ ಸ್ವಿಚ್ಚು, ಸಡಿಲವಾದ ಸ್ಕ್ರೂ, ಗೋಂದಿನಂತೆ ಗಟ್ಟಿಯಾದ ಗ್ರೀಸು. ಇವಕ್ಕೆ ಬೇಕಾಗಿರುವುದು ದುಡ್ಡಿಗಿಂತ ಹೆಚ್ಚಾಗಿ ಸಮಯ. ಕೋಲಾರದಂಥ ಊರಿನಲ್ಲಿ ಕೂತು ಈ ಕೆಲಸ ಮಾಡುವುದಕ್ಕೆ ಅಡ್ಡಿಯೇನಿಲ್ಲ. ಬೋರ್‌ವೆಲ್ ಮೋಟಾರ್ ಸುತ್ತುವವರು, ಬೇರಿಂಗ್ ಅಂಗಡಿ, ಲೇತ್, ಲಾರಿ ಪೇಂಟರ್ ಎಲ್ಲರೂ ಹತ್ತಿರದಲ್ಲೇ ಸಿಗುತ್ತಾರೆ. ಉಳಿದದ್ದಕ್ಕೆ ಬೆಂಗಳೂರಿನಲ್ಲಿ ಎಲೆಕ್ಟ್ರಾನಿಕ್ ಸಾಮಾನು ಸಿಗುವ ಎಸ್.ಪಿ. ರಸ್ತೆಗೆ ಒಂದು ದಿನ ಹೋಗಿಬಂದರೆ ಆಯಿತು.

ಯಂತ್ರ ಯಾವ ಕಾಲದ್ದು?

ಅಂಕಿ ಬರೆದ ಪ್ಲಾಸ್ಟಿಕ್ ಗಾಲಿಗಳು ತಿರುಗಿ ಅಂಕ ತೋರಿಸಿದರೆ ಅದು ಎಲೆಕ್ಟ್ರೋಮೆಕ್ಯಾನಿಕಲ್ ಯಂತ್ರ: ಒಳಗೆ ರಿಲೇ (ಕರೆಂಟಿನಿಂದ ತಾನೇ ಮುಚ್ಚಿ ತೆರೆಯುವ ಸ್ವಿಚ್ಚು), ಕಾಯಿಲ್ (ಕರೆಂಟು ಹರಿದಾಗ ಅಯಸ್ಕಾಂತವಾಗುವ ತಂತಿಯ ಸುತ್ತು), ಮೋಟಾರು ಮಾತ್ರ, ಚಿಪ್ ಇಲ್ಲ. ಅಂಕಿಗಳು ಬೆಳಕಿನಲ್ಲಿ ಮೂಡಿದರೆ ಬೋರ್ಡ್ ಇರುವ ಸಾಲಿಡ್ ಸ್ಟೇಟ್ ಯಂತ್ರ. ಸುಮಾರು 1977ರಿಂದ ಈಚೆಗೆ ಅವು ಹೆಚ್ಚಾದವು. ಚೆಂಡು ಹೊಡೆಯುವ ಫ್ಲಿಪ್ಪರ್‌ಗಳೇ ಇಲ್ಲದಿದ್ದರೆ ಯಂತ್ರ ಇನ್ನೂ ಹಳೆಯದು. ಫ್ಲಿಪ್ಪರ್ ಬಂದದ್ದು 1947ರಲ್ಲಿ, ಗಾಟ್ಲೀಬ್‌ನ ಹಂಪ್ಟಿ ಡಂಪ್ಟಿ ಯಂತ್ರದೊಂದಿಗೆ. ಈ ಲೇಖನದ ಬಹುಭಾಗ ಎಲೆಕ್ಟ್ರೋಮೆಕ್ಯಾನಿಕಲ್ ಯಂತ್ರದ ಬಗ್ಗೆ. ಮನೆಯಲ್ಲಿ ಕಲಿಯಲು ಅದೇ ಒಳ್ಳೆಯದು, ಯಾಕೆಂದರೆ ಅದರ ಪ್ರತಿ ಕೆಲಸವೂ ಕಣ್ಣಿಗೆ ಕಾಣುತ್ತದೆ, ಕಿವಿಗೆ ಕೇಳುತ್ತದೆ.

ಸಾಗಿಸುವಾಗ ಮತ್ತು ಮೊದಲು ತೆರೆಯುವಾಗ

ಯಂತ್ರ ನೂರು ಕಿಲೋಗಿಂತ ಹೆಚ್ಚು ತೂಗುತ್ತದೆ. ಮೇಲಿನ ಪೆಟ್ಟಿಗೆ ಬಿಚ್ಚಿ, ಕಾಲು ಕಳಚಿ, ನಾಲ್ಕು ಜನ ಎತ್ತಬೇಕು. ಸಾಗಿಸುವ ಮೊದಲು ಒಳಗಿನ ಚೆಂಡು ತೆಗೆದಿಡಿ. ಮರೆತರೆ ದಾರಿಯುದ್ದಕ್ಕೂ ಅದು ಹಲಗೆಯ ಬಣ್ಣ, ಗಾಜು ಎರಡನ್ನೂ ಕುಟ್ಟುತ್ತಿರುತ್ತದೆ. ಕಾಲಿನ ಬೋಲ್ಟು 3/8 ಇಂಚಿನದು, ಇಂಚಿಗೆ 16 ಸುತ್ತು. ಹತ್ತಿರ ಹತ್ತಿರ ಇದೆಯಲ್ಲ ಎಂದು 10 ಮಿ.ಮೀ. ಬೋಲ್ಟು ತುರುಕಿದರೆ ಒಳಗಿನ ಪ್ಲೇಟಿನ ಮರೆ (ಥ್ರೆಡ್) ಹಾಳಾಗುತ್ತದೆ.

ತೆರೆದ ಕೂಡಲೇ ಇಲಿ ಹಿಕ್ಕೆ, ಕಣಜದ ಮಣ್ಣುಗೂಡು, ಹಲ್ಲಿ ಮೊಟ್ಟೆ ಸಿಗುವುದು ಸಾಮಾನ್ಯ. ಮಾಸ್ಕ್ ಹಾಕಿಕೊಳ್ಳಿ. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಗಾಳಿ ಬಿಡಬೇಡಿ: ನಮ್ಮ ಕೆಮ್ಮಣ್ಣಿನ ಧೂಳು ಹಿಟ್ಟಿನಷ್ಟು ನುಣುಪು, ಹೊರಗೆ ಹಾರುವ ಬದಲು ಸ್ವಿಚ್ಚುಗಳ ಸಂದಿಗೆ ಹೋಗಿ ಕೂರುತ್ತದೆ, ಗಾಳಿಯ ಜೊತೆ ಎಣ್ಣೆ, ನೀರೂ ಬರುತ್ತವೆ. ಎರಡಿಂಚಿನ ಪೇಂಟ್ ಬ್ರಷ್ಷಿನಲ್ಲಿ ಸಡಿಲಿಸುತ್ತಾ ವ್ಯಾಕ್ಯೂಮ್ ಕ್ಲೀನರಿನಲ್ಲಿ ಎಳೆಯಿರಿ. ಬಿದ್ದ ಸ್ಕ್ರೂ, ಸ್ಪ್ರಿಂಗು, ವಾಷರ್ ಒಂದನ್ನೂ ಎಸೆಯಬೇಡಿ, ಡಬ್ಬಿಗೆ ಹಾಕಿಡಿ. ಯಾವುದಾದರೂ ಒಂದು ಭಾಗ ಅದನ್ನು ಕೇಳಿಯೇ ಕೇಳುತ್ತದೆ.

ಮರದ ಮೂಲೆಗಳನ್ನು ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿ ನೋಡಿ. ಟೊಳ್ಳು ಸದ್ದು ಬಂದರೆ ಗೆದ್ದಲು ತಿಂದಿದೆ. ಮುಟ್ಟುವ ಮುಂಚೆ ಎಲ್ಲ ಕೋನದಿಂದಲೂ ಫೋಟೋ ತೆಗೆಯಿರಿ, ನೂರು ಫೋಟೋ ಆದರೂ ಹೆಚ್ಚಲ್ಲ. ಪೆಟ್ಟಿಗೆಯ ತಳದಲ್ಲಿ ಮಡಚಿಟ್ಟ ದೊಡ್ಡ ಕಾಗದ ಸಿಕ್ಕರೆ ಅದೇ ಸರ್ಕ್ಯೂಟ್ ನಕ್ಷೆ. ಮೊದಲು ನಕಲು ಮಾಡಿಸಿ, ನಕಲಿನ ಮೇಲೆ ಕೆಲಸ ಮಾಡಿ. ಇಲ್ಲದಿದ್ದರೆ ಯಂತ್ರದ ಹೆಸರು ಹಿಡಿದು ಇಂಟರ್ನೆಟ್ ಪಿನ್‌ಬಾಲ್ ಡೇಟಾಬೇಸ್‌ನಲ್ಲಿ ಹುಡುಕಿ.

ಕರೆಂಟಿನ ವ್ಯವಸ್ಥೆ

ತಳದಲ್ಲಿರುವ ಟ್ರಾನ್ಸ್‌ಫಾರ್ಮರ್ ಮೇಲಿನ ಚೀಟಿ ಓದಿ. ಯೂರೋಪಿಗೆ ಕಳಿಸಿದ ಕೆಲವು ಯಂತ್ರಗಳಲ್ಲಿ 220 ಅಥವಾ 240 ವೋಲ್ಟಿನ ತುದಿ ಇರುತ್ತದೆ. ಇದ್ದರೆ ತಂತಿಯನ್ನು ಅಲ್ಲಿಗೆ ಬದಲಿಸಿದರೆ ಸಾಕು. ಇಲ್ಲದಿದ್ದರೆ 230ರಿಂದ 115ಕ್ಕೆ ಇಳಿಸುವ, 500 ವಿಎ ಸಾಮರ್ಥ್ಯದ ಐಸೋಲೇಶನ್ ಟ್ರಾನ್ಸ್‌ಫಾರ್ಮರ್ (ಎರಡೂ ಕಡೆಯ ಸುತ್ತು ಬೇರೆ ಬೇರೆ ಇರುವಂಥದ್ದು) ಮಾಡಿಸಿ. ಆಟೋ ಟ್ರಾನ್ಸ್‌ಫಾರ್ಮರ್ ಅಗ್ಗ. ಆದರೆ ಅದರಲ್ಲಿ ಎರಡೂ ಕಡೆಯ ತಂತಿ ಒಂದೇ ಸುತ್ತಿಗೆ ಸೇರಿರುವುದರಿಂದ ಗೋಡೆಯ ಫೇಸ್ ನೇರವಾಗಿ ಯಂತ್ರದೊಳಕ್ಕೆ ಬರಬಹುದು. ಮಕ್ಕಳು ಕೈಯಿಡುವ ಯಂತ್ರಕ್ಕೆ ಅದು ಬೇಡವೇ ಬೇಡ.

50 ಹರ್ಟ್ಸ್‌ನಿಂದ ಎರಡು ವ್ಯತ್ಯಾಸ ಆಗುತ್ತವೆ. ಅಂಕ ಏರಿಸಲು ಮಿಡಿತ ಕೊಡುವ ಸ್ಕೋರ್ ಮೋಟಾರು ಆರರಲ್ಲಿ ಒಂದು ಪಾಲಿನಷ್ಟು ನಿಧಾನ ತಿರುಗುತ್ತದೆ, ಅದರಿಂದ ತೊಂದರೆಯಿಲ್ಲ. 60 ಹರ್ಟ್ಸ್‌ಗೆಂದೇ ಸುತ್ತಿದ ಟ್ರಾನ್ಸ್‌ಫಾರ್ಮರ್ ಸ್ವಲ್ಪ ಹೆಚ್ಚು ಕಾಯುತ್ತದೆ, ಹಾಗಾಗಿ 115ರ ಬದಲು 110 ವೋಲ್ಟ್ ಕೊಟ್ಟರೂ ಒಳ್ಳೆಯದೇ. ರಾತ್ರಿ ಹೊತ್ತು ಪಂಪ್‌ಸೆಟ್‌ಗಳು ನಿಂತಾಗ ವೋಲ್ಟೇಜ್ 250 ದಾಟುವ ಕಡೆ ಸ್ಟೆಬಿಲೈಸರ್ ಬೇಕು. ಚೌಕ ಅಲೆಯ ಮನೆ ಯುಪಿಎಸ್ ಸಾಕೆಟ್ಟಿಗೆ ಸೇರಿಸಬೇಡಿ, ಟ್ರಾನ್ಸ್‌ಫಾರ್ಮರೂ ಮೋಟಾರೂ ಗುಂಯ್‌ಗುಟ್ಟಿ ಬಿಸಿಯಾಗುತ್ತವೆ.

ಹಳೇ ಎರಡು ಪಿನ್ನಿನ ವೈರು ಕತ್ತರಿಸಿ ಹಾಕಿ. ಮೂರು ಎಳೆಯ ಹೊಸ ವೈರು ಹಾಕಿ, ಹಸಿರು ಎಳೆಯನ್ನು ಟ್ರಾನ್ಸ್‌ಫಾರ್ಮರ್ ಚೌಕಟ್ಟು, ಕಾಸು ಹಾಕುವ ಬಾಗಿಲು, ಮುಂದಿನ ಲೋಹದ ಪಟ್ಟಿ, ಕಾಲುಗಳು ಇಷ್ಟಕ್ಕೂ ಸೇರಿಸಿ. ಕೆಲವು ಯಂತ್ರಗಳಲ್ಲಿ ಸ್ವಿಚ್ ಆರಿಸಿದರೂ ಟ್ರಾನ್ಸ್‌ಫಾರ್ಮರಿನವರೆಗೆ ಕರೆಂಟು ಇರುತ್ತದೆ. ಕೈ ಹಾಕುವ ಮುನ್ನ ಪ್ಲಗ್ ಕಿತ್ತು ಕಣ್ಣಿಗೆ ಕಾಣುವಂತೆ ಯಂತ್ರದ ಮೇಲೆ ಇಡಿ.

ಸ್ವಿಚ್ಚು: ಅರ್ಧ ಕೆಲಸ ಇಲ್ಲೇ

ಒಂದು ಯಂತ್ರದಲ್ಲಿ ನೂರಾರು ಲೀಫ್ ಸ್ವಿಚ್ಚುಗಳಿರುತ್ತವೆ. ಎರಡು ತೆಳು ಲೋಹದ ಎಲೆ, ತುದಿಯಲ್ಲಿ ಒಂದೊಂದು ಬೊಟ್ಟು, ಬುಡದಲ್ಲಿ ಎಲ್ಲವನ್ನೂ ಹಿಡಿದ ಎರಡು ಸ್ಕ್ರೂ. ಮೊದಲು ಆ ಸ್ಕ್ರೂಗಳನ್ನು ಬಿಗಿ ಮಾಡಿ. ನಡುವಿನ ಫೈಬರ್ ಪಟ್ಟಿಗಳು ವರ್ಷಗಳಲ್ಲಿ ಕುಗ್ಗಿ ಸ್ಕ್ರೂ ಸಡಿಲವಾಗಿರುತ್ತದೆ. ಸಡಿಲ ಸ್ವಿಚ್ಚನ್ನು ಬಗ್ಗಿಸಿ ಸರಿಮಾಡಿ ಆಮೇಲೆ ಬಿಗಿಸಿದರೆ ಅಂತರ ಮತ್ತೆ ಬದಲಾಗುತ್ತದೆ, ಪಟ್ಟ ಪಾಡೆಲ್ಲ ವ್ಯರ್ಥ.

ಆಮೇಲೆ ಶುಚಿ. ರಿಲೇಗಳ ಬೊಟ್ಟು ಬೆಳ್ಳಿಯದು, ಮೆದು. ಐಸೋಪ್ರೊಪೈಲ್ ಆಲ್ಕೋಹಾಲ್ ಮೊಬೈಲ್ ರಿಪೇರಿ ಸಾಮಾನಿನ ಅಂಗಡಿಯಲ್ಲಿ ಸಿಗುತ್ತದೆ, ಇಡೀ ಯಂತ್ರಕ್ಕೆ ಅರ್ಧ ಲೀಟರ್ ಸಾಕು. ಲಗ್ನಪತ್ರಿಕೆಯ ದಪ್ಪ ಕಾಗದದ ಪಟ್ಟಿಯನ್ನು ಅದರಲ್ಲಿ ನೆನೆಸಿ ಬೊಟ್ಟುಗಳ ನಡುವೆ ಇಟ್ಟು, ಎಲೆಯನ್ನು ಬೆರಳಿಂದ ಮೆಲ್ಲಗೆ ಒತ್ತಿ ಎಳೆಯಿರಿ. ಕಾಗದದ ಮೇಲೆ ಪೆನ್ಸಿಲ್ ಗೀಚಿದಂಥ ಕಪ್ಪು ಗೆರೆ ಬರುತ್ತದೆ. ಗೆರೆ ಬೀಳುವುದು ನಿಲ್ಲುವ ತನಕ ಹೊಸ ಜಾಗ ಹಿಡಿದು ಎಳೆಯಿರಿ, ಕೊನೆಗೊಮ್ಮೆ ಒಣ ಕಾಗದ. ಉಪ್ಪುಕಾಗದ ತಾಗಿಸಬೇಡಿ, ಬೆಳ್ಳಿಯ ಪದರವೇ ಕಿತ್ತುಹೋಗುತ್ತದೆ.

ಫ್ಲಿಪ್ಪರ್ ಗುಂಡಿಯ ಹಿಂದಿನ ಸ್ವಿಚ್ಚು, ಫ್ಲಿಪ್ಪರ್ ಪಕ್ಕದ ಸ್ವಿಚ್ಚು ಬೇರೆ ಜಾತಿ. ಇವು ಸಾಮಾನ್ಯವಾಗಿ ಟಂಗ್‌ಸ್ಟನ್, ಗಟ್ಟಿ, ಹಳೇ ಸ್ಕೂಟರಿನ ಸಿ.ಬಿ. ಪಾಯಿಂಟಿನಂತೆ. ಇಲ್ಲಿ ಕಾಗದ ಸಾಲದು, ಪಾಯಿಂಟ್ ಉಜ್ಜುವ ತೆಳು ಅರವೇ ಬೇಕು. ಎರಡು ಮೂರು ಸಲ ಎಳೆದು ಮುಖ ಸಪಾಟಾದರೆ ನಿಲ್ಲಿಸಿ.

ಅಂತರ ಸುಮಾರು ಒಂದು ಮಿ.ಮೀ. ಇರಲಿ. ಬರೀ ಮುಟ್ಟಿದರೆ ಸಾಲದು: ಮುಟ್ಟಿದ ಮೇಲೆ ಎದುರಿನ ಎಲೆ ಒಂದು ಕೂದಲೆಳೆಯಷ್ಟು ಹಿಂದೆ ಸರಿಯಬೇಕು. ಆ ಸಣ್ಣ ಜಾರುವಿಕೆಯಲ್ಲಿ ಬೊಟ್ಟುಗಳು ಒಂದನ್ನೊಂದು ಉಜ್ಜಿಕೊಂಡು ತಾವೇ ಶುಚಿಯಾಗುತ್ತವೆ. ಬಗ್ಗಿಸುವುದಕ್ಕೆ 3 ಮಿ.ಮೀ. ಕಬ್ಬಿಣದ ಕಡ್ಡಿಯ ತುದಿಯನ್ನು ಹ್ಯಾಕ್ಸಾದಲ್ಲಿ ಸೀಳಿಕೊಂಡರೆ ಸಾಕು. ಎಲೆಯನ್ನು ಬುಡದ ಹತ್ತಿರ ಹಿಡಿದು ತಿರುಗಿಸಿ, ನಡುವೆ ಮಡಿಸಬೇಡಿ. ಉದ್ದದ ಎಲೆ ಮುಟ್ಟುವ ಬದಲು ಗಿಡ್ಡ, ಗಟ್ಟಿ ಎಲೆಯನ್ನೇ ಸರಿಸುವುದು ಒಳ್ಳೆಯದು.

ಎಲ್ಲ ಸ್ವಿಚ್ಚುಗಳನ್ನೂ ಒಂದೇ ದಿನ ಮುಗಿಸುತ್ತೇನೆ ಅಂತ ಕೂರಬೇಡಿ. ಕಣ್ಣು ದಣಿದಾಗ ಸರಿಯಿದ್ದ ಸ್ವಿಚ್ಚೇ ಕೆಡುತ್ತದೆ. ದಿನಕ್ಕೆ ಒಂದು ರಿಲೇ ಸಾಲು, ಮುಗಿದದ್ದಕ್ಕೆ ಬಣ್ಣದ ದಾರದ ಗುರುತು.

ಸ್ಟೆಪ್ಪರ್ ಮತ್ತು ಅಂಕದ ಗಾಲಿ

ಸ್ಟೆಪ್ಪರ್ ಅಂದರೆ ಯಂತ್ರದ ನೆನಪು: ಎಷ್ಟನೇ ಚೆಂಡು, ಎಷ್ಟು ಆಟ ಬಾಕಿ ಎಂಬುದನ್ನು ಒಂದೊಂದೇ ಹಲ್ಲು ಸರಿದು ಲೆಕ್ಕ ಇಡುತ್ತದೆ. ಒಂದು ದುಂಡು ಹಲಗೆಯ ಮೇಲೆ ಹಿತ್ತಾಳೆಯ ಬೊಟ್ಟುಗಳು, ಅವುಗಳ ಮೇಲೆ ಜಾರುವ ಬೆರಳುಗಳು. ಮೊದಲು ಕೈಯಿಂದಲೇ ಪರೀಕ್ಷಿಸಿ. ಪ್ಲಂಜರ್, ಅಂದರೆ ಕಾಯಿಲ್ ಒಳಗೆ ಜಾರುವ ಕಬ್ಬಿಣದ ಸಲಾಕೆ, ಒತ್ತಿದಷ್ಟು ಸಲವೂ ಒಂದೊಂದೇ ಹಲ್ಲು ಮುಂದೆ ಹೋಗಬೇಕು. ರೀಸೆಟ್ ಕೊಂಡಿ ಎತ್ತಿದ ತಕ್ಷಣ ಟಕ್ಕನೆ ಸೊನ್ನೆಗೆ ಮರಳಬೇಕು. ತೆವಳಿಕೊಂಡು ಬಂದರೆ ಅಥವಾ ನಡುದಾರಿಯಲ್ಲಿ ನಿಂತರೆ ಹಳೇ ಗ್ರೀಸ್ ಬೆಲ್ಲದ ಪಾಕದಂತೆ ಗಟ್ಟಿಯಾಗಿದೆ ಅಂತ ಅರ್ಥ.

ಬಿಚ್ಚುವ ಮೊದಲು ಬೆರಳುಗಳು ಯಾವ ಬೊಟ್ಟಿನ ಮೇಲಿವೆ ಎಂದು ಮಾರ್ಕರ್‌ನಲ್ಲಿ ಗುರುತು ಹಾಕಿ ಫೋಟೋ ತೆಗೆಯಿರಿ. ಒಂದೇ ಹಲ್ಲು ಆಚೀಚೆಯಾಗಿ ಕೂರಿಸಿದರೂ ಐದು ಚೆಂಡಿನ ಆಟ ಮೂರನೇ ಚೆಂಡಿಗೇ ಮುಗಿಯುವಂಥ ವಿಚಿತ್ರ ದೋಷಗಳು ಬರುತ್ತವೆ, ಕಾರಣ ಹುಡುಕುವುದು ಬಲು ಕಷ್ಟ. ಅಚ್ಚನ್ನು ಆಲ್ಕೋಹಾಲಿನಲ್ಲಿ ಒರೆಸಿ, ಬೊಟ್ಟುಗಳನ್ನು ಪಾತ್ರೆ ತಿಕ್ಕುವ ಹಸಿರು ಸ್ಕಾಚ್‌ಬ್ರೈಟಿನಿಂದ ಹಗುರಾಗಿ ಉಜ್ಜಿ. ಸ್ಟೀಲ್ ವುಲ್ ಬೇಡ, ಅದರ ಎಳೆ ಉದುರಿ ಎರಡು ಬೊಟ್ಟುಗಳ ನಡುವೆ ಶಾರ್ಟ್ ಮಾಡುತ್ತದೆ. ತುಕ್ಕು ಬಿಡಿಸುವ ಸ್ಪ್ರೇಯೂ ಬೇಡ: ಅದು ಬೇಗ ಹೊತ್ತಿಕೊಳ್ಳುವಂಥದ್ದು, ಈ ಸ್ವಿಚ್ಚುಗಳಲ್ಲಿ ಕಿಡಿ ಹಾರುತ್ತಲೇ ಇರುತ್ತದೆ.

ಅಂಕದ ಗಾಲಿಗಳ ಮೇಲಿನ ಅಂಕಿಯನ್ನು ಒಣಬಟ್ಟೆಯಲ್ಲಿ ಮಾತ್ರ ಒರೆಸಿ, ಆಲ್ಕೋಹಾಲ್ ತಾಗಿದರೆ ಅಂಕಿಯೇ ಅಳಿಸಿಹೋಗಬಹುದು. ಪ್ರತಿ ಗಾಲಿಗೂ 'ನಾನು ಸೊನ್ನೆಯಲ್ಲಿದ್ದೇನೆ' ಎಂದು ತಿಳಿಸುವ ಸ್ವಿಚ್ ಇರುತ್ತದೆ. ಅದರ ಬೊಟ್ಟನ್ನು ಮರೆಯದೆ ಶುಚಿ ಮಾಡಿ.

ಕಾಯಿಲ್, ಫ್ಲಿಪ್ಪರ್, ವೈಂಡಿಂಗ್ ಅಂಗಡಿ

ಕಾಯಿಲ್‌ನ ಮೇಲಿನ ಕಾಗದ ಕಂದು ಬಣ್ಣಕ್ಕೆ ತಿರುಗಿದ್ದರೆ, ಪ್ಲಂಜರ್ ಸಿಕ್ಕಿಕೊಂಡಿದ್ದರೆ ಅದು ಬೆಂದಿದೆ. ಉಳಿದವನ್ನು ಮೀಟರಿನಲ್ಲಿ ಅಳೆಯಿರಿ. ಒಂದೇ ನಂಬರಿನ ಎರಡು ಕಾಯಿಲ್‌ಗಳ ಓಮ್ ಹೋಲಿಸುವುದು ಸುಲಭ ದಾರಿ: ಒಂದರದ್ದು ಮತ್ತೊಂದಕ್ಕಿಂತ ತೀರ ಕಡಿಮೆಯಿದ್ದರೆ ಒಳಗೆ ಸುತ್ತುಗಳು ಒಂದಕ್ಕೊಂದು ಅಂಟಿವೆ.

ಫ್ಲಿಪ್ಪರ್ ಕಾಯಿಲ್‌ನಲ್ಲಿ ಎರಡು ಸುತ್ತಿರುತ್ತವೆ. ದಪ್ಪ ತಂತಿಯದು ಹೊಡೆಯಲು, ಸಣ್ಣ ತಂತಿಯದು ಎತ್ತಿದ ಫ್ಲಿಪ್ಪರನ್ನು ಹಿಡಿದಿಡಲು. ಫ್ಲಿಪ್ಪರ್ ಪೂರ್ತಿ ಎದ್ದ ಕೊನೆಯಲ್ಲಿ ಪಕ್ಕದ ಸ್ವಿಚ್ಚು 2ರಿಂದ 3 ಮಿ.ಮೀ. ತೆರೆದುಕೊಂಡು ಹೊಡೆತದ ಕರೆಂಟನ್ನು ತಗ್ಗಿಸಬೇಕು. ತೆರೆಯದಿದ್ದರೆ ಗುಂಡಿ ಒತ್ತಿಹಿಡಿದಷ್ಟು ಹೊತ್ತೂ ಪೂರ್ತಿ ಕರೆಂಟು ಹರಿದು ಕಾಯಿಲ್ ಸುಡುತ್ತದೆ. ಆ ಸ್ವಿಚ್ಚು ಕೊಳೆಯಾಗಿದ್ದರೆ ಫ್ಲಿಪ್ಪರ್‌ಗೆ ಹೊಡೆಯುವ ಬಲವೇ ಬರುವುದಿಲ್ಲ. 'ಫ್ಲಿಪ್ಪರ್ ಸೋತಿದೆ' ಎನ್ನುವ ಎಷ್ಟೋ ದೂರಿಗೆ ಮದ್ದು ಇಲ್ಲೇ ಇದೆ. ಪರೀಕ್ಷೆ ಹೀಗೆ: ಪ್ಲಗ್ ಕಿತ್ತು, ಕಾಯಿಲ್‌ನ ಹೊರ ತುದಿಗಳಿಗೆ ಮೀಟರ್ ಹಿಡಿಯಿರಿ, ಕೆಲವೇ ಓಮ್ ತೋರಿಸುತ್ತದೆ. ಆ ಸ್ವಿಚ್ಚಿನ ನಡುವೆ ಕಾಗದ ಸಿಕ್ಕಿಸಿ, ಓಮ್ ಹಲವು ಪಟ್ಟು ಜಿಗಿಯಬೇಕು.

ಪ್ಲಂಜರ್‌ಗೆ ಎಣ್ಣೆ ಹಾಕಬೇಡಿ, ಧೂಳು ಸೇರಿ ಕೆಸರಾಗುತ್ತದೆ. ಬಡಿದು ಬಡಿದು ಅಣಬೆಯಂತೆ ಅಗಲವಾದ ಪ್ಲಂಜರ್ ತುದಿಯನ್ನು ಅರದಲ್ಲಿ ಉಜ್ಜಿ ಸುತ್ತಳತೆ ಸರಿಮಾಡಿ. ಒಳಗಿನ ನೈಲಾನ್ ಕೊಳವೆ ಸವೆದಿದ್ದರೆ ಹೊಸದು ಹಾಕಿ. ಸಿಗದಿದ್ದರೆ ಅಳತೆ ಕೊಟ್ಟು ಲೇತಿನಲ್ಲಿ ನೈಲಾನ್ ಕಡ್ಡಿಯಿಂದ ಮಾಡಿಸಬಹುದು.

ಸುಟ್ಟ ಕಾಯಿಲನ್ನು ಬೋರ್‌ವೆಲ್ ಮೋಟಾರ್ ಸುತ್ತುವ ಅಂಗಡಿಯಲ್ಲೇ ಸುತ್ತಿಸಬಹುದು. ಆದರೆ ಒಂದು ಎಡವಟ್ಟು ಕಾದಿರುತ್ತದೆ. ಬ್ಯಾಲಿ, ವಿಲಿಯಮ್ಸ್ ಕಾಯಿಲ್‌ಗಳ ಚೀಟಿಯಲ್ಲಿ 23-750 ಎಂದಿದ್ದರೆ 23 ಗೇಜ್ ತಂತಿ, 750 ಸುತ್ತು. ಆ ಗೇಜ್ ಅಮೆರಿಕದ್ದು. ನಮ್ಮ ಅಂಗಡಿಗಳಲ್ಲಿ ನಡೆಯುವುದು ಎಸ್‌ಡಬ್ಲ್ಯುಜಿ ಎಂಬ ಬ್ರಿಟಿಷ್ ಗೇಜ್. ಅಮೆರಿಕದ 23 ಅಂದರೆ 0.57 ಮಿ.ಮೀ., ನಮ್ಮ 23 ಅಂದರೆ 0.61 ಮಿ.ಮೀ. ದಪ್ಪ ತಂತಿ ಹಾಕಿದರೆ ಅಷ್ಟು ಸುತ್ತು ಬಾಬಿನ್ನಿನಲ್ಲಿ ಹಿಡಿಸುವುದೇ ಇಲ್ಲ. ಸುತ್ತು ಕಡಿಮೆ ಮಾಡಿದರೆ ಕರೆಂಟು ಹೆಚ್ಚು ಎಳೆದು ಮತ್ತೆ ಸುಡುತ್ತದೆ. ಗೇಜ್ ನಂಬರ್ ಬಾಯಿಗೇ ತರಬೇಡಿ. 'ಅಣ್ಣಾ, ತಂತಿ 0.57 ಮಿಲಿಮೀಟರ್, ಸುತ್ತು 750, ಎಣಿಸಿ ಹಾಕಿ' ಎಂದು ಚೀಟಿಯಲ್ಲಿ ಬರೆದುಕೊಡಿ. ನಮ್ಮ 24 ಗೇಜ್ 0.56 ಮಿ.ಮೀ. ಇರುವುದರಿಂದ ಅದೇ ಹೊಂದುತ್ತದೆ. ಗಾಟ್ಲೀಬ್ ಚೀಟಿಯಲ್ಲಿ ಬರೀ ಭಾಗದ ನಂಬರ್ ಇರುತ್ತದೆ. ಅಲ್ಲಿ ಹಳೇ ತಂತಿಯನ್ನು ಮೈಕ್ರೋಮೀಟರಿನಲ್ಲಿ ಅಳೆದು, ಬಿಚ್ಚುತ್ತಾ ಎಣಿಸಬೇಕು.

ಮೊದಲ ಸಲ ಕರೆಂಟು

ಎಲೆಕ್ಟ್ರಿಷಿಯನ್ನರು ಬಳಸುವ ಸೀರೀಸ್ ಬಲ್ಬ್ ಇಲ್ಲಿ ಯಂತ್ರದ ಪ್ರಾಣ ಉಳಿಸುತ್ತದೆ: ಒಳಗೆ ಶಾರ್ಟ್ ಇದ್ದರೆ ಹೆಚ್ಚಿನ ಕರೆಂಟನ್ನು ತಡೆದು ತಾನು ಉರಿಯುತ್ತದೆ. 100 ವಾಟಿನ ಹಳೇ ಕಾಲದ ತಂತಿಬಲ್ಬು ಬೇಕು, ಎಲ್‌ಇಡಿ ಆಗದು.

1. ಯಂತ್ರದ ಎಲ್ಲ ಫ್ಯೂಸ್ ತೆಗೆದು, ಪಕ್ಕದ ಚೀಟಿಯಲ್ಲಿ ಬರೆದ ಆಂಪಿಯರ್‌ಗೇ ಸರಿಯಾಗಿ ಹೊಸದು ತನ್ನಿ. ಸಿಗರೇಟಿನ ತಗಡು, ತಂತಿ ಸುತ್ತಿದ ಫ್ಯೂಸ್ ಕಂಡರೆ ಆ ಸಾಲಿನಲ್ಲಿ ಹಿಂದೆ ಶಾರ್ಟ್ ಆಗಿತ್ತು ಅಂತಲೇ ತಿಳಿಯಿರಿ.

2. 230 ವೋಲ್ಟಿನ ಬದಿಯಲ್ಲಿ ಬಲ್ಬನ್ನು ಸರಣಿಯಲ್ಲಿ ಸೇರಿಸಿ, ಮುಖ್ಯ ಫ್ಯೂಸ್ ಮಾತ್ರ ಹಾಕಿ. ಬಲ್ಬು ಕ್ಷಣ ಮಿಂಚಿ ಆರಬೇಕು ಇಲ್ಲವೇ ಮಂಕಾಗಿರಬೇಕು. ಪೂರ್ತಿ ಉರಿದರೆ ಟ್ರಾನ್ಸ್‌ಫಾರ್ಮರ್ ಅಥವಾ ಅದರ ವೈರಿನಲ್ಲೇ ದೋಷ.

3. ದೀಪದ ಫ್ಯೂಸ್ ಹಾಕಿ. ಇಲ್ಲಿ ಬಲ್ಬು ಸ್ವಲ್ಪ ಹೊಳೆಯುವುದು ಸಹಜ, ಐವತ್ತು ಚಿಕ್ಕ ದೀಪಗಳೇ 50ರಿಂದ 80 ವಾಟ್ ಎಳೆಯುತ್ತವೆ.

4. ಕೊನೆಗೆ ಕಾಯಿಲ್ ಫ್ಯೂಸ್. ಯಾವ ಕಾಯಿಲೂ ತಾನಾಗಿ ಎಳೆದು ಹಿಡಿದಿರಬಾರದು. ಸರಿಯಿದ್ದರೆ ಸೀರೀಸ್ ಬಲ್ಬ್ ತೆಗೆಯಿರಿ, ಅದಿದ್ದಾಗ ಕಾಯಿಲ್‌ಗಳಿಗೆ ಬಲ ಸಾಲದು.

ಒಂದು ಕೈ ಮುಖ್ಯ ಸ್ವಿಚ್ಚಿನ ಹತ್ತಿರವೇ ಇರಲಿ. ಚೆಂಡನ್ನು ಚಿಮ್ಮಿಸುವ ಬಂಪರ್ ಎಳೆದು ನಿಂತುಬಿಟ್ಟರೆ ಹತ್ತಿಪ್ಪತ್ತು ಸೆಕೆಂಡಿನಲ್ಲೇ ಕಾಯಿಲ್ ಹೊಗೆಯಾಡಬಹುದು. ಕಾರಣ ಸಾಮಾನ್ಯವಾಗಿ ಅದರ ಕೆಳಗಿನ ಚಮಚದಂಥ ಸ್ವಿಚ್ಚು ಮುಚ್ಚಿಕೊಂಡೇ ಇರುವುದು.

ಆಟ ಶುರು ಮಾಡಿದಾಗ ಎಲ್ಲರಿಗೂ ಎದುರಾಗುವ ದೋಷ ಒಂದೇ: ಸ್ಕೋರ್ ಮೋಟಾರು ತಿರುಗುತ್ತಲೇ ಇರುತ್ತದೆ, ನಿಲ್ಲುವುದಿಲ್ಲ. ಯಂತ್ರ ಪ್ರತಿ ಗಾಲಿಯನ್ನೂ ಸೊನ್ನೆಗೆ ತರಲು ಮಿಡಿತ ಕೊಡುತ್ತಿದೆ, ಯಾವುದೋ ಒಂದು ಗಾಲಿಯಿಂದ 'ಬಂದೆ' ಎಂಬ ಉತ್ತರ ಬಂದಿಲ್ಲ. ಸೊನ್ನೆಯಲ್ಲಿಲ್ಲದ ಗಾಲಿ ಕಂಡರೆ ಅದರ ಕಾಯಿಲ್, ಸ್ಪ್ರಿಂಗು ನೋಡಿ. ಎಲ್ಲವೂ ಸೊನ್ನೆಯಲ್ಲಿದ್ದರೆ, ಟಕಟಕ ಎನ್ನುತ್ತಿರುವ ಗಾಲಿಯ ಸೊನ್ನೆ ಸ್ವಿಚ್ಚು ತೆರೆದುಕೊಳ್ಳುತ್ತಿಲ್ಲ. ಗಾಲಿಗಳೆಲ್ಲ ಸುಮ್ಮನಿದ್ದರೆ ಸ್ಟೆಪ್ಪರ್‌ಗಳ ಸೊನ್ನೆ ಸ್ವಿಚ್ಚಿಗೆ ಹೋಗಿ. ಒಂದು ಸಲಕ್ಕೆ ಒಂದೇ ಬದಲಾವಣೆ, ಅದನ್ನು ಬರೆದಿಡಿ.

ಆಟದ ಹಲಗೆ ಮತ್ತು ಬಣ್ಣ

ಹಲಗೆಗೆ ನೀರು ಬೇಡ. ಬಣ್ಣದ ಬಿರುಕಿನಲ್ಲಿ ಇಳಿದು ಪ್ಲೈವುಡ್ ಉಬ್ಬುತ್ತದೆ, ಬೋರ್‌ವೆಲ್ ನೀರಾದರೆ ಬಿಳಿ ಉಪ್ಪೂ ಕೂರುತ್ತದೆ. ಥಿನ್ನರ್ ಬಣ್ಣವನ್ನೇ ಕರಗಿಸುತ್ತದೆ. ಲೈಟರಿಗೆ ತುಂಬುವ ದ್ರವವನ್ನು ಹತ್ತಿಗೆ ಹಾಕಿ, ಕೆಳತುದಿಯ ತಗಡಿನಡಿ ಮರೆಯಾದ ಜಾಗದಲ್ಲಿ ಮೊದಲು ಪರೀಕ್ಷಿಸಿ, ಕಿಟಕಿ ತೆರೆದಿಟ್ಟು ಅಂಗೈಯಗಲದ ಜಾಗ ಮಾತ್ರ ಒಂದು ಸಲಕ್ಕೆ ಒರೆಸಿ. ಒಣಗಿದ ಮೇಲೆ ಕಾರಿನ ಕಾರ್ನೌಬಾ ವ್ಯಾಕ್ಸ್ ಎರಡು ತೆಳು ಪದರ. ಮಾಸಿದ ಬಣ್ಣವನ್ನು ಪೂರ್ತಿ ಹೊಸದಾಗಿ ಬಳಿಯುವ ಆಸೆ ಹಲವರಿಗೆ ಬರುತ್ತದೆ. ಬರೀ ಮರ ಕಾಣುವ ಕಡೆ ಮಾತ್ರ ತುಂಬಿಸಿ, ಮೂಲ ಬಣ್ಣ ಉಳಿದಷ್ಟು ಉಳಿಯಲಿ.

ಹಿಂಬದಿ ಗಾಜಿನ ಚಿತ್ರ ಗಾಜಿನ ಒಳಮೈಗೆ ಅಚ್ಚಾಗಿರುತ್ತದೆ. ಆ ಬದಿಯನ್ನು ಬಟ್ಟೆಯಿಂದಲೂ ಮುಟ್ಟಬೇಡಿ, ಚಕ್ಕೆಯೆದ್ದು ಉದುರಿದರೆ ಮರಳಿ ಸಿಗುವುದಿಲ್ಲ. ಅದರ ಹಿಂದೆ ಕಡಿಮೆ ಕಾಯುವ 47 ನಂಬರಿನ ದೀಪ ಹಾಕಿ: 6.3 ವೋಲ್ಟ್, 150 ಮಿಲಿಆಂಪಿಯರ್. 44 ನಂಬರಿನದು 250 ಎಳೆಯುತ್ತದೆ. ಹಳೇ 6 ವೋಲ್ಟ್ ಬೈಕಿನ ದೀಪ ಬುಡಕ್ಕೆ ಹೊಂದಿದರೂ 4 ವಾಟಿನದಾದರೆ ಹಾಕಬೇಡಿ, ಆ ಕಾವಿಗೆ ಚಿತ್ರ ಉದುರುತ್ತದೆ.

ರಬ್ಬರ್ ಉಂಗುರಗಳನ್ನು ಅಸಲಿಯೇ ತರಿಸಿ. ಜೆಸಿಬಿ ಸ್ಪೇರ್ ಅಂಗಡಿಯ ಓ-ರಿಂಗ್ ಅಳತೆಗೆ ಹೊಂದುತ್ತದೆ, ಆದರೆ ಚೆಂಡು ಪುಟಿಯುವುದಿಲ್ಲ, ಆಟವೇ ಸಪ್ಪೆಯಾಗುತ್ತದೆ. ಚೆಂಡು 1 1/16 ಇಂಚು, ಅಂದರೆ 27 ಮಿ.ಮೀ., ತೂಕ ಸುಮಾರು 80 ಗ್ರಾಂ. ಬೇರಿಂಗ್ ಅಂಗಡಿಯಲ್ಲಿ ಕೇಳಿದರೆ ತರಿಸಿಕೊಡುತ್ತಾರೆ. ತುಕ್ಕು ಚುಕ್ಕೆಯಿರುವ ಹಳೇ ಚೆಂಡನ್ನು ಒಂದು ಆಟಕ್ಕೂ ಬಿಡಬೇಡಿ, ಉಪ್ಪುಕಾಗದದಂತೆ ಹಲಗೆಯನ್ನು ಕೆರೆಯುತ್ತದೆ. ಮೇಲಿನ ಗಾಜು 5 ಮಿ.ಮೀ. ಟಫನ್ಡ್ ಆಗಿರಲಿ. ಸಾಮಾನ್ಯ ಅಳತೆ 21 x 43 ಇಂಚು, ನಿಮ್ಮ ಯಂತ್ರದ್ದನ್ನು ಅಳೆದೇ ಹೇಳಿ, ಟಫನ್ ಆದ ಗಾಜನ್ನು ಆಮೇಲೆ ಕತ್ತರಿಸಲಾಗದು.

ಪೆಟ್ಟಿಗೆಯ ಹಳೇ ಬಣ್ಣದಲ್ಲಿ ಸೀಸ ಇರಬಹುದು. ಒಣದಾಗಿ ಉಜ್ಜಬೇಡಿ, ಹಿಂಡಿದ ಒದ್ದೆ ಉಪ್ಪುಕಾಗದದಲ್ಲಿ ಹಗುರಾಗಿ ಉಜ್ಜಿ. ಅಚ್ಚು ಕತ್ತರಿಸಿಕೊಂಡು ಬಣ್ಣ ಹೊಡೆಯುವುದರಲ್ಲಿ ಲಾರಿ ಪೇಂಟರ್‌ಗಳ ಕೈ ಪಳಗಿರುತ್ತದೆ. ಮೂಲ ಆಕಾರಗಳನ್ನು ಟ್ರೇಸಿಂಗ್ ಕಾಗದದಲ್ಲಿ ತೆಗೆದುಕೊಟ್ಟರೆ ಸೊಗಸಾಗಿ ಮಾಡಿಕೊಡುತ್ತಾರೆ.

ಬೋರ್ಡ್ ಇರುವ ಯಂತ್ರವಾದರೆ

ಮೊದಲು ಬ್ಯಾಟರಿ ನೋಡಿ. ಸೋರಿ ಹಸಿರು, ಬೂದು ಪುಡಿ ಹರಡಿದ್ದರೆ ಅದನ್ನು ಕತ್ತರಿಸಿ ತೆಗೆದು, ಆ ಜಾಗವನ್ನು ಬಿಳಿ ವಿನೆಗರ್, ಆಮೇಲೆ ಬ್ಯಾಟರಿ ಅಂಗಡಿಯ ಡಿಸ್ಟಿಲ್ಡ್ ವಾಟರ್, ಕೊನೆಗೆ ಆಲ್ಕೋಹಾಲ್ ಹಾಕಿ ತೊಳೆದು ಒಣಗಿಸಿ. ಹೊಸ ಬ್ಯಾಟರಿಯನ್ನು ತಂತಿ ಎಳೆದು ಬೋರ್ಡಿನಿಂದ ದೂರ ಇಡಿ. ಕನೆಕ್ಟರ್ ಪಿನ್ನುಗಳ ಬುಡದ ಬಿರುಕುಬಿಟ್ಟ ಬೆಸುಗೆಯನ್ನು ಮತ್ತೆ ಬೆಸೆಯಿರಿ. ಇಲ್ಲಿ ಕಾಯಿಲ್‌ಗೆ ಅಡ್ಡಲಾಗಿ ಡಯೋಡ್ ಇರುತ್ತದೆ: ಪಟ್ಟೆಯ ಬದಿ ಪ್ಲಸ್ ತಂತಿಗೆ ಬರಬೇಕು, ತಿರುವುಮುರುವಾದರೆ ಬೋರ್ಡಿನ ಟ್ರಾನ್ಸಿಸ್ಟರ್ ಹೋಗುತ್ತದೆ. ಆ ಕಾಲದ ಹಲವು ಅಂಕಿಯ ಡಿಸ್‌ಪ್ಲೇಗಳಿಗೆ 170 ವೋಲ್ಟಿಗೂ ಮಿಕ್ಕ ಡಿ.ಸಿ. ಹೋಗುತ್ತದೆ. ಕರೆಂಟು ತೆಗೆದ ಮೇಲೂ ಕೆಪಾಸಿಟರ್‌ಗಳು ಖಾಲಿಯಾಗಿವೆ ಎಂದು ಮೀಟರಿನಲ್ಲಿ ಖಚಿತಪಡಿಸಿಕೊಂಡೇ ಕೈ ಹಾಕಿ.

ಮಟ್ಟ ಮತ್ತು ಟಿಲ್ಟ್

60 ಸೆಂ.ಮೀ. ಉದ್ದದ ರಸಮಟ್ಟವನ್ನು ಮೊದಲು ಹಲಗೆಯ ಮೇಲೆ ಅಡ್ಡಲಾಗಿಟ್ಟು, ಕಾಲಿನ ತಿರುಪು ತಿರುಗಿಸಿ ಗುಳ್ಳೆ ನಡುವಿಗೆ ತನ್ನಿ. ಆಮೇಲೆ ಉದ್ದಕ್ಕೆ ಇಟ್ಟು, ಗುಳ್ಳೆ ನಡುವಿಗೆ ಬರುವ ತನಕ ಆಟಗಾರನ ಕಡೆಯ ತುದಿ ಎತ್ತಿ, ಅಡಿಯ ಸಂದು ಅಳೆಯಿರಿ. 37 ಮಿ.ಮೀ. ಇದ್ದರೆ ಇಳಿಜಾರು ಮೂರೂವರೆ ಡಿಗ್ರಿ, ಗಾಲಿ ಅಂಕದ ಯಂತ್ರಕ್ಕೆ ಅದೇ ಸರಿ. ಬೋರ್ಡಿನ ಯಂತ್ರಕ್ಕೆ ಸಾಮಾನ್ಯವಾಗಿ ಆರೂವರೆ ಡಿಗ್ರಿ ಬೇಕು, ಸಂದು 68 ಮಿ.ಮೀ. ಬರುತ್ತದೆ. ಇಳಿಜಾರು ಸಾಲದಿದ್ದರೆ ಚೆಂಡು ಸೋಮಾರಿಯಂತೆ ಉರುಳುತ್ತದೆ. ಹೆಚ್ಚಾದರೆ ಹಳೇ ಫ್ಲಿಪ್ಪರ್‌ಗಳು ಅದನ್ನು ಮೇಲಿನ ತುದಿಗೆ ಮುಟ್ಟಿಸಲಾರವು.

ಟಿಲ್ಟ್ ಅಂದರೆ ಯಂತ್ರವನ್ನು ಜೋರಾಗಿ ಅಲ್ಲಾಡಿಸಿದರೆ ಆಟ ನಿಲ್ಲಿಸುವ ವ್ಯವಸ್ಥೆ. ಅದರ ಪರೀಕ್ಷೆ ಎಲ್ಲಕ್ಕಿಂತ ಕೊನೆಗೆ, ಮಟ್ಟ ಬದಲಾದರೆ ಅದೂ ಬದಲಾಗುತ್ತದೆ. ಎಡಗೋಡೆಯ ಒಳಗೆ ಉಂಗುರದ ನಡುವೆ ತೂಗುಬಿದ್ದ ಗುಂಡು ಉಂಗುರದ ಸರಿಮಧ್ಯಕ್ಕೆ ಬರಬೇಕು. ಉಂಗುರ ಬಗ್ಗಿದ್ದರೆ ನೇರ ಮಾಡಿ, ಗುಂಡಿನ ಸ್ಕ್ರೂ ಸಡಿಲಿಸಿ ಸ್ವಲ್ಪ ಮೇಲೆ ಕೆಳಗೆ ಸರಿಸಿ. ಅಂಗೈಯಿಂದ ಯಂತ್ರವನ್ನು ಮೆಲ್ಲಗೆ ತಳ್ಳಿದರೆ ಆಟ ಮುಂದುವರಿಯಬೇಕು, ಜೋರಾಗಿ ಅಲ್ಲಾಡಿಸಿದರೆ ನಿಲ್ಲಬೇಕು. ಅಷ್ಟಾದ ಮೇಲೆ ಸ್ಕ್ರೂ ಬಿಗಿ ಮಾಡಿ, ಗಾಜು ಜಾರಿಸಿ, ಬೀಗ ಹಾಕಿ.